ಮುಳ್ಳಿನಿಂದ ಅಂಕಿಗೆ

ಭಟ್ಕಳದ ಶಂಸುದ್ದೀನ್ ಸರ್ಕಲಿನಿಂದ ಕುಮಟಾದ ಗಿಬ್ ಸರ್ಕಲಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು ಅರವತ್ತು ಕಿಲೋಮೀಟರ್. ಶಿರಾಲಿ, ಮಂಕಿ, ಕಾಸರಕೋಡು, ಶರಾವತಿ ಸೇತುವೆ, ಹೊನ್ನಾವರ, ಕರ್ಕಿ, ಹಳದೀಪುರ ಎಂದು ಊರು ದಾಟುತ್ತ ಹೋದರೆ ಹೊಸ ಕಾರುಗಳ ಸಾಲಿನಲ್ಲಿ ಕೆಎ-30, ಕೆಎ-47 ನಂಬರಿನ ಹಳೆ ಮಾರುತಿ 800, ಓಮ್ನಿಗಳೂ ಆಗಾಗ ಎದುರಾಗುತ್ತವೆ. ಹೊಸ ಕಾರಿನವರು ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ಚಿಕ್ಕದೊಂದು ಅಡಾಪ್ಟರ್ ಸಿಕ್ಕಿಸಿ ಎಂಜಿನ್ನಿನ ಬಿಸಿ, ಸುತ್ತು, ವೇಗ ಎಲ್ಲವನ್ನೂ ಫೋನಿನಲ್ಲೇ ನೋಡಬಲ್ಲರು. ಹಳೆ ಕಾರಿಗೆ ಆ ಸಾಕೆಟ್ಟೇ ಇಲ್ಲ. ಅದರ ಮೀಟರ್ ಬೋರ್ಡಿನ ಮುಳ್ಳುಗಳು ತೋರಿಸುವುದನ್ನು ಕಂಪ್ಯೂಟರಿನಲ್ಲಿ ನೋಡಬೇಕೆಂದರೆ ಕಾರಿನ ತಂತಿಗಳ ಬಳಿಗೇ ಹೋಗಬೇಕು.

ತಂತಿ ಎಳೆದು ಪರದೆಯ ಮೇಲೆ ಒಂದು ಅಂಕಿ ಮೂಡಿಸುವುದು ಈ ಕೆಲಸದ ಸುಲಭದ ಅರ್ಧ. ಆ ಅಂಕಿಯನ್ನು ನಂಬಬಹುದೇ ಎಂದು ತಿಳಿದುಕೊಳ್ಳುವುದು ಉಳಿದರ್ಧ, ಕಷ್ಟವೆಲ್ಲ ಇರುವುದು ಅಲ್ಲೇ. ಮುಳ್ಳು ಅರ್ಧಕ್ಕಿಂತ ತುಸು ಮೇಲೆ ಎಂದಷ್ಟೇ ತೋರಿಸಿ ಸುಮ್ಮನಾಗುತ್ತದೆ. ಕಂಪ್ಯೂಟರ್ 87.4 ಡಿಗ್ರಿ ಎನ್ನುತ್ತದೆ. ದಶಮಾಂಶ ಕಂಡ ಕೂಡಲೇ ನೋಡುವವರಿಗೆ ಭರವಸೆ ಬಂದುಬಿಡುತ್ತದೆ. ತಾಳೆ ನೋಡದೆ ಬಿಟ್ಟರೆ ಅದೇ ಅಂಕಿ ಹತ್ತು ಡಿಗ್ರಿ ತಪ್ಪಿರಲೂ ಸಾಕು. ತಾಳೆ ನೋಡಲು ಬೇಕಾದ ಸಾಮಾನುಗಳು ಮಾತ್ರ ಈ ಕರಾವಳಿಯಲ್ಲಿ ಕೈಗೆಟುಕುವ ದೂರದಲ್ಲೇ ಇವೆ.

ಸಾಕೆಟ್ಟಿಗೂ ಮುಂಚಿನ ಕಾರುಗಳು

ಹದಿನಾರು ಪಿನ್ನಿನ ಆ ಸಾಕೆಟ್ಟಿನ ಹೆಸರು ಒಬಿಡಿ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಅದರ ಎರಡನೆಯ ಆವೃತ್ತಿ ಕಡ್ಡಾಯವಾಯಿತು. ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಬಂತು. ಭಾರತದಲ್ಲಿ ಬಿಎಸ್-4 ಕಾರುಗಳಿಗೆ 2010ರ ಏಪ್ರಿಲಿನಿಂದ ಮೊದಲ ಹಂತ, 2013ರ ಏಪ್ರಿಲಿನಿಂದ ಎರಡನೆಯ ಹಂತ ಜಾರಿಯಾಯಿತು. ಹೊಗೆ ನಿಯಂತ್ರಣಕ್ಕೆಂದು ತಂದ ಈ ವ್ಯವಸ್ಥೆ ಕಾರಿನ ಮಾಲೀಕರಿಗೆ ಇನ್ನೊಂದು ಉಪಕಾರವನ್ನೂ ಮಾಡಿತು. ಎಂಜಿನ್ನಿನ ಕಂಪ್ಯೂಟರಿಗೆ ಪ್ರಶ್ನೆ ಕೇಳಿದರೆ ಉತ್ತರ ಅಂಕಿಯಲ್ಲೇ ಬರುತ್ತದೆ. ಉದಾಹರಣೆಗೆ ಸುತ್ತು ಎಷ್ಟು ಎಂದು ಕೇಳಿದರೆ ಎರಡು ಸಂಖ್ಯೆ ಸಿಗುತ್ತವೆ, 26 ಮತ್ತು 248 ಎಂದಿಟ್ಟುಕೊಳ್ಳೋಣ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿದರೆ 1,726. ನಿಮಿಷಕ್ಕೆ ಅಷ್ಟು ಸುತ್ತು. ಬಿಸಿ ಎಷ್ಟು ಎಂದರೆ ಒಂದೇ ಸಂಖ್ಯೆ. ಅದರಿಂದ 40 ಕಳೆದರೆ ಡಿಗ್ರಿ ಸೆಲ್ಸಿಯಸ್. ಅಳೆಯುವ, ತಾಳೆ ನೋಡುವ ತಲೆಬಿಸಿಯನ್ನೆಲ್ಲ ಕಾರ್ಖಾನೆಯವರು ಆಗಲೇ ಮುಗಿಸಿರುತ್ತಾರೆ.

ಹೊಸ ಕಾರುಗಳಲ್ಲಿ ಈ ಮಾತುಕತೆ ನಡೆಯುವುದು ಕ್ಯಾನ್ ಎಂಬ ಜೋಡಿ ತಂತಿಯ ಜಾಲದಲ್ಲಿ. ಜರ್ಮನಿಯ ಬಾಷ್ ಕಂಪನಿ ಅದನ್ನು 1986ರಲ್ಲಿ ಡೆಟ್ರಾಯಿಟ್‌ನ ಎಂಜಿನಿಯರುಗಳ ಸಮಾವೇಶದಲ್ಲಿ ಜಗತ್ತಿನ ಮುಂದಿಟ್ಟಿತು. ಬಾಷ್ ಎಂದರೆ ಕರ್ನಾಟಕಕ್ಕೆ ಹೊರಗಿನ ಹೆಸರೇನಲ್ಲ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಿಸುತ್ತಿದ್ದ ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹಳೆ ಕಾರುಗಳ ಬಾನೆಟ್ಟಿನಡಿ ಮೈಕೊ ಪ್ಲಗ್ಗುಗಳಿದ್ದವು, ಕ್ಯಾನ್ ತಂತಿ ಇರಲಿಲ್ಲ.

ಉತ್ತರಪಾರಾದಲ್ಲಿ 2014ರ ಮೇ ತಿಂಗಳವರೆಗೆ ತಯಾರಾದ ಅಂಬಾಸಿಡರ್, ಮುಂಬೈನ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಇವೆಲ್ಲ ಕಾರ್ಬ್ಯುರೇಟರ್ ಕಾಲದ ವಿನ್ಯಾಸಗಳು. ಆ ಕಾರ್ಬ್ಯುರೇಟರ್ ಎಂಜಿನ್ನುಗಳಲ್ಲಿ ಪ್ರಶ್ನೆಗೆ ಉತ್ತರಿಸುವ ಕಂಪ್ಯೂಟರ್ ಇಲ್ಲ. ಹಾಗಂತ ಅವು ಏನನ್ನೂ ಹೇಳುವುದಿಲ್ಲ ಎಂದಲ್ಲ. ಪೆಟ್ರೋಲು, ಬಿಸಿ, ಸುತ್ತು, ವೇಗ ನಾಲ್ಕೂ ಆಗಲೇ ಯಾವುದೋ ರೂಪದಲ್ಲಿ ಮೀಟರ್ ಬೋರ್ಡಿನವರೆಗೆ ಬಂದಿರುತ್ತವೆ, ಇಲ್ಲವೇ ಎಂಜಿನ್ನಿನ ತಂತಿಯಲ್ಲಿ ಹರಿಯುತ್ತಿರುತ್ತವೆ. ಒಂದು ಓಮ್‌ಗಳಲ್ಲಿ, ಇನ್ನೊಂದು ವಿದ್ಯುತ್ ಮಿಡಿತದಲ್ಲಿ, ಮತ್ತೊಂದು ತಿರುಗುವ ಕೇಬಲ್ಲಿನಲ್ಲಿ.

ಸೋಮಾರಿ ಮುಳ್ಳು

ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ತೋಳು ಒಂದು ರೆಸಿಸ್ಟರಿನ ಸುರುಳಿಯ ಮೇಲೆ ಸರಿಯುತ್ತದೆ. ಗ್ಯಾರೇಜಿನವರು ಇದನ್ನೇ ಟ್ಯಾಂಕ್ ಯೂನಿಟ್ ಎನ್ನುವುದು. ಟ್ಯಾಂಕು ತುಂಬಿದಾಗ ಒಂದು ಪ್ರತಿರೋಧ, ಬರಿದಾದಾಗ ಇನ್ನೊಂದು. ಯುರೋಪಿನ ಒಂದು ಪ್ರಚಲಿತ ಪದ್ಧತಿಯಲ್ಲಿ ಖಾಲಿಗೆ 10 ಓಮ್, ಭರ್ತಿಗೆ 180. ಅಮೆರಿಕದ ಇನ್ನೊಂದು ಪದ್ಧತಿಯಲ್ಲಿ ತಿರುಗಮುರುಗ, ಖಾಲಿಗೆ 240, ಭರ್ತಿಗೆ 33. ಯಾವ ಕಾರಿನಲ್ಲಿ ಯಾವುದು ಎಂಬುದಕ್ಕೆ ಮಲ್ಟಿಮೀಟರ್ ಇಟ್ಟು ನೋಡುವುದೇ ದಾರಿ.

ಈ ಪ್ರತಿರೋಧಕ್ಕೆ ತಕ್ಕಂತೆ ಮೀಟರಿನಲ್ಲಿ ಕರೆಂಟ್ ಹರಿಯುತ್ತದೆ. ಹಲವು ಹಳೆ ಮೀಟರುಗಳ ಒಳಗೆ ಇರುವುದು ಎರಡು ಲೋಹಗಳನ್ನು ಬೆಸೆದ ಪಟ್ಟಿ, ಅದಕ್ಕೆ ಸುತ್ತಿದ ತೆಳ್ಳನೆಯ ತಂತಿ. ಕರೆಂಟ್ ಹರಿದು ತಂತಿ ಬಿಸಿಯಾದಾಗ ಪಟ್ಟಿ ಬಾಗುತ್ತದೆ, ಮುಳ್ಳು ಏರುತ್ತದೆ. ಬಿಸಿಯಾಗಲು ಸಮಯ ಬೇಕು. ಕೀ ತಿರುಗಿಸಿದ ಮೇಲೆ ಪೆಟ್ರೋಲ್ ಮುಳ್ಳು ನಿಧಾನವಾಗಿ ಮೇಲೇಳುವುದು ಇದೇ ಕಾರಣಕ್ಕೆ. ಈ ನಿಧಾನವನ್ನು ಬೇಕೆಂದೇ ಇಟ್ಟುಕೊಂಡದ್ದು. ತಿರುವಿನಲ್ಲಿ, ಬ್ರೇಕಿನಲ್ಲಿ ಟ್ಯಾಂಕಿನ ಪೆಟ್ರೋಲು ತುಳುಕಾಡುತ್ತದೆ, ಫ್ಲೋಟ್ ಏರಿಳಿಯುತ್ತದೆ. ಮುಳ್ಳು ಅದನ್ನೆಲ್ಲ ಹಿಂಬಾಲಿಸಿದರೆ ಯಾರೂ ಓದಲಾರರು.

1960ರ ದಶಕದ ಬ್ರಿಟಿಷ್ ಕಾರುಗಳು ಈ ಸೋಮಾರಿತನವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದವು. ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಮುಳ್ಳೂ ಏರಿಳಿಯಬಾರದಲ್ಲ. ಅದಕ್ಕಾಗಿ ಮೀಟರ್ ಬೋರ್ಡಿನ ಹಿಂದೆ ಒಂದು ಪುಟ್ಟ ಲೋಹದ ಡಬ್ಬಿ ಇಟ್ಟರು. ಅದರೊಳಗೂ ಅಂಥದೇ ದ್ವಿಲೋಹ ಪಟ್ಟಿ. ಅದು ಬಿಸಿಯಾಗಿ ಬಾಗಿ ಸಂಪರ್ಕ ಕಡಿಯುತ್ತದೆ, ತಣ್ಣಗಾಗಿ ಮತ್ತೆ ಕೂಡಿಸುತ್ತದೆ. ಮೀಟರಿಗೆ ಒಮ್ಮೆ 12 ವೋಲ್ಟ್, ಮರುಗಳಿಗೆ ಸೊನ್ನೆ, ಮತ್ತೆ 12. ಒಟ್ಟು ಸರಾಸರಿ 10. ಮುಳ್ಳಿಗೆ ಈ ಕಣ್ಣುಮುಚ್ಚಾಲೆ ತಿಳಿಯುವುದೇ ಇಲ್ಲ. ಕಂಪ್ಯೂಟರಿಗೆ ತಿಳಿಯುತ್ತದೆ! ಆ ತಂತಿಗೆ ನೇರವಾಗಿ ಜೋಡಿಸಿದರೆ ಟ್ಯಾಂಕು ಒಂದು ಕ್ಷಣ ಭರ್ತಿ, ಮರುಕ್ಷಣ ಖಾಲಿ ಎಂದು ಪರದೆ ಕುಣಿಯುತ್ತದೆ. ತಪ್ಪು ಕಾರಿನದೂ ಅಲ್ಲ, ಕಂಪ್ಯೂಟರಿನದೂ ಅಲ್ಲ. ಮುಳ್ಳು ಸದ್ದಿಲ್ಲದೆ ಮಾಡುತ್ತಿದ್ದ ಸರಾಸರಿಯ ಕೆಲಸವನ್ನು ಈಗ ಪ್ರೋಗ್ರಾಮು ಮಾಡಬೇಕು.

ಓಮ್‌ನಿಂದ ಅಂಕಿಗೆ

ಇಟಲಿಯ ಇವ್ರಿಯಾ ಊರಿನಲ್ಲಿ 2005ರಲ್ಲಿ ಹುಟ್ಟಿದ ಆರ್ಡ್ವಿನೊ ಎಂಬ ಪುಟ್ಟ ಬೋರ್ಡು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. 1980ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಭಟ್ಕಳದಂಥ ಊರಿನಲ್ಲಿ ಅದನ್ನು ಬಳಸಿ ಗೊತ್ತಿರುವ ಹುಡುಗ ಹುಡುಗಿಯರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆರ್ಡ್ವಿನೊ ಊನೊ ಬೋರ್ಡು 0ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು 1,024 ಮೆಟ್ಟಿಲುಗಳಾಗಿ ಒಡೆದು ಓದುತ್ತದೆ. ಒಂದು ಮೆಟ್ಟಿಲೆಂದರೆ ಸುಮಾರು 4.9 ಮಿಲಿವೋಲ್ಟ್.

ಅದಕ್ಕೆ ಓಮ್ ಅರ್ಥವಾಗುವುದಿಲ್ಲ, ವೋಲ್ಟ್ ಮಾತ್ರ ಅರ್ಥವಾಗುತ್ತದೆ. ಹಾಗಾಗಿ 5 ವೋಲ್ಟಿನ ಮೂಲಕ್ಕೆ 150 ಓಮ್‌ನ ಒಂದು ರೆಸಿಸ್ಟರ್, ಅದರ ಕೆಳಗೆ ಟ್ಯಾಂಕ್ ಯೂನಿಟ್, ನಡುವಿನ ಗಂಟಿನಿಂದ ಬೋರ್ಡಿಗೆ ಒಂದು ತಂತಿ. ಟ್ಯಾಂಕು ಖಾಲಿ ಇದ್ದು 10 ಓಮ್ ಆಗಿದ್ದರೆ ಆ ಗಂಟಿನಲ್ಲಿ 0.31 ವೋಲ್ಟ್ ಇರುತ್ತದೆ, ಬೋರ್ಡು 64 ಎನ್ನುತ್ತದೆ. ಭರ್ತಿಯಾಗಿ 180 ಓಮ್ ಆದಾಗ 2.73 ವೋಲ್ಟ್, ಬೋರ್ಡಿನಲ್ಲಿ 558. ಇಡೀ ಟ್ಯಾಂಕು 64 ಮತ್ತು 558ರ ನಡುವೆ ಬಂದು ಕೂತಿತು. ಬೋರ್ಡು ಅಳೆಯಲು ಬಳಸುವ 5 ವೋಲ್ಟೂ ರೆಸಿಸ್ಟರಿಗೆ ಕೊಟ್ಟ 5 ವೋಲ್ಟೂ ಒಂದೇ ಆದ್ದರಿಂದ, ಅದು 4.9ಕ್ಕೆ ಇಳಿದರೂ ಈ ಅಂಕಿಗಳು ಕದಲುವುದಿಲ್ಲ. ಎರಡರ ಅನುಪಾತ ಹಾಗೇ ಉಳಿಯುತ್ತದೆ.

ಹೀಗೆ ಮಾಡಿದರೆ ಹಳೆ ಪೆಟ್ರೋಲ್ ಮುಳ್ಳನ್ನು ಟ್ಯಾಂಕ್ ಯೂನಿಟ್ಟಿನಿಂದ ಬಿಡಿಸಬೇಕಾಗುತ್ತದೆ. ಮುಳ್ಳೂ ಬೇಕು, ಅಂಕಿಯೂ ಬೇಕು ಎನ್ನುವವರು ಮೀಟರನ್ನು ಹಾಗೇ ಬಿಟ್ಟು, ಟ್ಯಾಂಕ್ ಯೂನಿಟ್ಟಿನ ವೋಲ್ಟೇಜ್ ಜೊತೆಗೆ ಮೀಟರಿಗೆ ಬರುವ ವೋಲ್ಟೇಜನ್ನೂ ಅಳೆದು ಅನುಪಾತ ತೆಗೆಯುತ್ತಾರೆ. ಬಿಸಿ ಅಳೆಯಲು ಇಷ್ಟು ಸರ್ಕಸ್ ಬೇಡ. ಇಂಜೆಕ್ಷನ್ ಕಾರುಗಳಿಗೆ ಬಳಸುವ ಬಾಷ್ ಮಾದರಿಯ ಸೆನ್ಸರನ್ನು ರೇಡಿಯೇಟರ್ ಹೋಸಿನ ಹಾದಿಯಲ್ಲಿ ಪ್ರತ್ಯೇಕವಾಗಿ ಕೂರಿಸಿದರೆ ಮೀಟರಿನ ಗೊಡವೆಯೇ ಇರುವುದಿಲ್ಲ. ಅದು ಥರ್ಮಿಸ್ಟರ್, 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದದ್ದು 100 ಡಿಗ್ರಿಗೆ 190ರ ಆಸುಪಾಸಿಗೆ ಇಳಿಯುತ್ತದೆ.

ತುಳುಕಾಟವನ್ನು ತಣಿಸಲು ಪ್ರೋಗ್ರಾಮಿನಲ್ಲಿ ಒಂದೇ ಸಾಲು ಸಾಕು. ಹಿಂದಿನ ಅಂಕಿಗೆ 95 ಪಾಲು, ಈಗ ಓದಿದ್ದಕ್ಕೆ 5 ಪಾಲು ಬೆಲೆ ಕೊಟ್ಟು ಹೊಸ ಅಂಕಿ ಕಟ್ಟುವುದು. ಸೆಕೆಂಡಿಗೆ ಹತ್ತು ಸಲ ಓದಿದರೆ ಸುಮಾರು ಎರಡು ಸೆಕೆಂಡಿನ ಕಾಲಮಾನದಲ್ಲಿ ಕಂಪನ ಅಡಗುತ್ತದೆ. ಬಿಸಿಗೆ ಇದು ಧಾರಾಳವಾಯಿತು. ಪೆಟ್ರೋಲಿಗೆ ಮಾತ್ರ ಇನ್ನೂ ನಿಧಾನ ಬೇಕು, ಹೊಸ ಓದಿಗೆ ಸಾವಿರದಲ್ಲಿ ಎರಡು ಪಾಲು ಕೊಟ್ಟರೂ ನಡೆಯುತ್ತದೆ. ಸೋಮಾರಿ ಮುಳ್ಳು ಬಿಸಿ ತಂತಿಯಿಂದ ಮಾಡುತ್ತಿದ್ದದ್ದೂ ಇದನ್ನೇ.

ಕಾಯಿಲ್ಲಿನ ಏಟು

ಮಾರುತಿ 800ರ ಹೆಚ್ಚಿನ ಮಾದರಿಗಳಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮೀಟರೇ ಇರಲಿಲ್ಲ. ಆದರೂ ಆ ಸುದ್ದಿ ಬಾನೆಟ್ಟಿನಡಿ ಇದ್ದೇ ಇದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ. 800ಕ್ಕೆ ಮೂರು ಸಿಲಿಂಡರ್, ಅಂದರೆ ಎರಡು ಸುತ್ತಿಗೆ ಮೂರು ಕಿಡಿ. ನಿಮಿಷಕ್ಕೆ 3,000 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ 75 ಕಿಡಿ. ನಾಲ್ಕು ಸಿಲಿಂಡರಿನ ಅಂಬಾಸಿಡರಿಗೆ ಅದೇ ಸುತ್ತಿನಲ್ಲಿ 100. ಕಿಡಿ ಎಣಿಸಿದರೆ ಸುತ್ತು ಸಿಕ್ಕಂತೆ.

ಎಣಿಸಲು ಹೋಗುವ ತಂತಿ ಮಾತ್ರ ಅಪಾಯದ್ದು. ಇಗ್ನಿಷನ್ ಕಾಯಿಲ್ಲಿಗೆ ಬರುವುದು 12 ವೋಲ್ಟೇ ಆದರೂ, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತೆರೆದ ಕ್ಷಣ ಅದೇ ತಂತಿಯಲ್ಲಿ ಇನ್ನೂರು, ಮುನ್ನೂರು ವೋಲ್ಟಿನ ಏಟು ಏಳುತ್ತದೆ. ಅಡಿಕೆ ತೋಟಕ್ಕೆ ನೀರು ಹಾಯಿಸುವ ಪೈಪಿನ ವಾಲ್ವನ್ನು ಗಪ್ಪನೆ ಮುಚ್ಚಿದರೆ ಹರಿಯುತ್ತಿದ್ದ ನೀರು ಪೈಪನ್ನೇ ಧಡ್ ಎಂದು ಗುದ್ದುವ ಹಾಗೆ, ಕಾಯಿಲ್ಲಿನಲ್ಲಿ ಹರಿಯುತ್ತಿದ್ದ ಕರೆಂಟು ದಿಢೀರನೆ ದಾರಿ ಕಡಿದಾಗ ವೋಲ್ಟೇಜಾಗಿ ಎಗರುತ್ತದೆ. ಆ ಏಟೇ ಸೆಕೆಂಡರಿ ಸುರುಳಿಯಲ್ಲಿ ಸಾವಿರಾರು ವೋಲ್ಟಾಗಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವುದು. 5 ವೋಲ್ಟಿನ ಬೋರ್ಡಿಗೆ ಅದು ನೇರ ತಗುಲಿದರೆ ಚಿಪ್ಪು ಅಲ್ಲೇ ಸುಟ್ಟುಹೋಗುತ್ತದೆ. ಆದ್ದರಿಂದ ನಡುವೆ ಆಪ್ಟೋಕಪ್ಲರ್ ಇಡುತ್ತಾರೆ. ಅದರ ಒಂದು ಬದಿಯಲ್ಲಿ ಎಲ್ಇಡಿ, ಇನ್ನೊಂದು ಬದಿಯಲ್ಲಿ ಬೆಳಕು ಕಂಡರೆ ಎಚ್ಚರಗೊಳ್ಳುವ ಟ್ರಾನ್ಸಿಸ್ಟರ್. ಸುದ್ದಿ ಬೆಳಕಿನ ಮೂಲಕ ದಾಟುತ್ತದೆ, ಕರೆಂಟು ದಾಟುವುದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪಾಯಿಂಟ್ ತೆರೆದ ಮೇಲೆ ಕಾಯಿಲ್ಲಿನ ವೋಲ್ಟೇಜ್ ಒಂದೇ ಏಟಿಗೆ ಅಡಗದೆ ಕೆಲಹೊತ್ತು ಮೇಲೆ ಕೆಳಗೆ ಜೀಕುತ್ತದೆ. ಕಂಪ್ಯೂಟರ್ ಆ ಪ್ರತಿ ಜೀಕನ್ನೂ ಒಂದೊಂದು ಕಿಡಿ ಎಂದು ಲೆಕ್ಕ ಹಾಕಿದರೆ ನಿಂತಲ್ಲೇ ಗುರುಗುಡುವ ಮಾರುತಿ ರೇಸ್ ಕಾರಿನ ಸುತ್ತು ತೋರಿಸುತ್ತದೆ. ಇದಕ್ಕೆ ಮದ್ದು ಗಣಿತದಲ್ಲೇ ಇದೆ. ಮೂರು ಸಿಲಿಂಡರಿನ ಎಂಜಿನ್ 6,000 ಸುತ್ತಿನಲ್ಲಿ ಓಡಿದರೂ ಎರಡು ಕಿಡಿಗಳ ನಡುವೆ 6.7 ಮಿಲಿಸೆಕೆಂಡ್ ಬಿಡುವು ಇರುತ್ತದೆ. ಒಂದು ಏಟು ಕಂಡ ಮೇಲೆ 3 ಮಿಲಿಸೆಕೆಂಡ್ ಕಣ್ಣುಮುಚ್ಚಿ ಕೂರು ಎಂದು ಪ್ರೋಗ್ರಾಮಿಗೆ ಹೇಳಿದರೆ ನಿಜವಾದ ಯಾವ ಕಿಡಿಯೂ ತಪ್ಪುವುದಿಲ್ಲ, ಸುಳ್ಳು ಕಿಡಿಗಳು ಲೆಕ್ಕಕ್ಕೆ ಸೇರುವುದಿಲ್ಲ.

ಕೇಬಲ್ಲಿನ ಸುತ್ತು

ವೇಗದ ಮುಳ್ಳಿಗೆ ಬರುವುದು ವಿದ್ಯುತ್ ಅಲ್ಲ. ಗೇರ್‌ಬಾಕ್ಸಿನಿಂದ ಹೊರಟ ಉಕ್ಕಿನ ಕೇಬಲ್ ಮೀಟರಿನ ಹಿಂದೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವನ್ನು ಕವಿದುಕೊಂಡಂತೆ, ಆದರೆ ಮುಟ್ಟದೆ, ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ಕರೆಂಟು ಹುಟ್ಟಿ ಅದೂ ತಿರುಗಲು ಹವಣಿಸುತ್ತದೆ. ಸ್ಪ್ರಿಂಗು ಹಿಡಿದು ನಿಲ್ಲಿಸುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಒಟ್ಟೊ ಶುಲ್ಟ್ಸೆ ಎಂಬ ಜರ್ಮನ್ ತಂತ್ರಜ್ಞ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ನೂರು ವರ್ಷ ಕಾರುಗಳನ್ನು ಆಳಿತು.

ಕಂಪ್ಯೂಟರಿಗೆ ಕೇಬಲ್ಲಿನ ಸುತ್ತು ಎಣಿಸುವ ಕಣ್ಣು ಬೇಕು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮದ ಮೇಲೆ ನಡೆಯುವ ಹಾಲ್ ಸೆನ್ಸರ್ ಅಗ್ಗದ್ದು, ಗಟ್ಟಿಮುಟ್ಟಾದದ್ದು. ಕೇಬಲ್ಲಿನ ಜೊತೆ ತಿರುಗುವ ಪುಟ್ಟ ಅಯಸ್ಕಾಂತ ಅದರೆದುರು ಹಾದಾಗಲೆಲ್ಲ ಒಂದು ಮಿಡಿತ. ಜಪಾನಿನ ಮಾನದಂಡದಲ್ಲಿ ಒಂದು ಕಿಲೋಮೀಟರಿಗೆ ಕೇಬಲ್ 637 ಸುತ್ತು ತಿರುಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 10.6 ಮಿಡಿತ.

ಇಲ್ಲೊಂದು ಬಲೆ ಇದೆ. ಸೆಕೆಂಡಿಗೆ ಎಷ್ಟು ಮಿಡಿತ ಎಂದು ಎಣಿಸಿದರೆ ಒಮ್ಮೆ 10 ಸಿಗುತ್ತದೆ, ಒಮ್ಮೆ 11. ಒಂದು ಮಿಡಿತದ ವ್ಯತ್ಯಾಸವೆಂದರೆ ಗಂಟೆಗೆ 5.65 ಕಿ.ಮೀ. ಕಾರು ಒಂದೇ ಹದದಲ್ಲಿ ಓಡುತ್ತಿದ್ದರೂ ಪರದೆ 56, 62, 62, 56 ಎನ್ನುತ್ತಿರುತ್ತದೆ. ಎಣಿಸುವುದನ್ನು ಬಿಟ್ಟು ಒಂದು ಮಿಡಿತದಿಂದ ಮುಂದಿನದಕ್ಕೆ ಎಷ್ಟು ಹೊತ್ತು ಎಂದು ಅಳೆದರೆ ಈ ಕುಣಿತ ನಿಲ್ಲುತ್ತದೆ. 60ರಲ್ಲಿ ಆ ಅಂತರ 94.2 ಮಿಲಿಸೆಕೆಂಡ್, 61ರಲ್ಲಿ 92.6. ಮೈಕ್ರೊಸೆಕೆಂಡುಗಳಲ್ಲಿ ಕಾಲ ಅಳೆಯಬಲ್ಲ ಬೋರ್ಡಿಗೆ ಈ ಎರಡನ್ನು ಬೇರ್ಪಡಿಸುವುದು ಮಕ್ಕಳಾಟ.

ಹಾಗೆ ಸಿಕ್ಕ ವೇಗ ಹಳೆ ಮುಳ್ಳಿಗೆ ಹೊಂದದೇ ಹೋದರೆ ಗಾಬರಿ ಬೇಡ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ಇದ್ದುದಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ನಿಜವೇಗದ ಹತ್ತನೇ ಒಂದು ಪಾಲು ಮತ್ತು ಮೇಲೆ 4 ಕಿ.ಮೀ. ತನಕ. ಅಂದರೆ ನಿಜವಾಗಿ 60ರಲ್ಲಿ ಹೋಗುವಾಗ ಮುಳ್ಳು 70 ತೋರಿಸಿದರೂ ನಿಯಮದೊಳಗೇ ಇದೆ. ತಯಾರಕರು ಮುಳ್ಳನ್ನು ತುಸು ಮುಂದಕ್ಕೇ ಇಡುವುದು ವಾಡಿಕೆ. ತಾಳೆಗೆ ಫೋನಿನ ಜಿಪಿಎಸ್ ವೇಗ ಒಳ್ಳೆಯದು, ಮಂಕಿಯಿಂದ ಕಾಸರಕೋಡಿನ ಕಡೆಗೆ ನೇರ ಹೆದ್ದಾರಿ ಸಿಕ್ಕಲ್ಲಿ ಒಂದೇ ವೇಗ ಹಿಡಿದು, ಪಕ್ಕದಲ್ಲಿ ಕೂತವರು ಬರೆದುಕೊಂಡರಾಯಿತು. ಪರದೆ ಎಷ್ಟೇ ನಿಖರವಾಗಿರಲಿ, ಹಳೆ ಮೀಟರನ್ನು ಕಿತ್ತುಹಾಕುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಡಿ ಸ್ಪೀಡೋಮೀಟರ್ ವಾಹನದಲ್ಲಿ ಇರಲೇಬೇಕು.

ಉಪ್ಪುಗಾಳಿಯ ಅರ್ತು

ಬಿಡಿಭಾಗಗಳೆಲ್ಲ ಸರಿಯಿದ್ದೂ ಅಂಕಿ ತಪ್ಪಾಗಿ ಬರುವುದಕ್ಕೆ ಕರಾವಳಿಯಲ್ಲಿ ಒಂದು ಖಾಯಂ ಕಾರಣವಿದೆ. ಕಾರಿನಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಗೇ ಕಟ್ಟಿರುತ್ತಾರೆ. ಹೆಡ್‌ಲೈಟು, ವೈಪರು, ರೇಡಿಯೇಟರ್ ಫ್ಯಾನು ಎಲ್ಲದರ ಕರೆಂಟೂ ಬಾಡಿಯ ತಗಡಿನ ಮೂಲಕ, ಬೋಲ್ಟು ಬಿಗಿದ ಅರ್ತ್ ಪಟ್ಟಿಗಳ ಮೂಲಕ ಬ್ಯಾಟರಿಗೆ ಮರಳಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ, ಉಳಿದ ತಿಂಗಳು ಉಪ್ಪುಗಾಳಿ ಬೀಸುವ ನಾಡಿನಲ್ಲಿ ಆ ಬೋಲ್ಟಿನಡಿ ತುಕ್ಕು ಹಿಡಿಯದೇ ಇರುವುದುಂಟೇ?

ತುಕ್ಕು ಹಿಡಿದ ಒಂದು ಕೀಲಿನಲ್ಲಿ ಬರೀ 0.1 ಓಮ್ ಪ್ರತಿರೋಧ ಹುಟ್ಟಿದೆ ಎನ್ನಿ. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರು, ಫ್ಯಾನು ಸೇರಿ 15 ಆಂಪಿಯರ್ ಎಳೆದರೆ ಆ ಕೀಲಿನಲ್ಲಿ 1.5 ವೋಲ್ಟ್ ಬೀಳುತ್ತದೆ. ಬೋರ್ಡಿನ ಲೆಕ್ಕದಲ್ಲಿ ಅದು 307 ಮೆಟ್ಟಿಲು. ಟ್ಯಾಂಕು ಪೂರ್ತಿ ತುಂಬಿ ಬರಿದಾದರೂ 494 ಮೆಟ್ಟಿಲಷ್ಟೇ ಇಳಿಯುವುದು. ಇವನ್ನೆಲ್ಲ ಹಾಕಿದ ಮಾತ್ರಕ್ಕೆ ಪರದೆಯಲ್ಲಿ ಅರ್ಧ ಟ್ಯಾಂಕಿಗೂ ಹೆಚ್ಚು ಪೆಟ್ರೋಲು ಬಂದೋ ಹೋಗೋ ಮಾಡುತ್ತದೆ. ಹೆಡ್‌ಲೈಟ್ ಹಾಕಿದಾಗ ಹಳೆ ಕಾರಿನ ಪೆಟ್ರೋಲ್ ಮುಳ್ಳು ಕದಲುವುದನ್ನು ಬಲ್ಲ ಎಲೆಕ್ಟ್ರಿಷಿಯನ್ನರು ಮೊದಲು ಕೈ ಹಾಕುವುದು ಮೀಟರಿಗಲ್ಲ, ಅರ್ತಿಗೆ. ಕಂಪ್ಯೂಟರಿನವರೂ ಅದನ್ನೇ ಪಾಲಿಸಬೇಕು. ಪ್ರತಿ ಸೆನ್ಸರಿನಿಂದ ಬೋರ್ಡಿಗೆ ಎರಡು ತಂತಿ, ಒಂದು ಸಂಕೇತಕ್ಕೆ, ಇನ್ನೊಂದು ಅದರದೇ ಅರ್ತಿಗೆ. ಬಾಡಿಯ ತಗಡನ್ನು ನಂಬುವಂತಿಲ್ಲ.

ವಿದ್ಯುತ್ ಪೂರೈಕೆಯದೂ ಇದೇ ಪಾಡು. ಎಂಜಿನ್ ಓಡುವಾಗ 14ರ ಸುತ್ತಮುತ್ತ ಇರುವ ವೋಲ್ಟೇಜ್ ಸ್ಟಾರ್ಟರ್ ತಿರುಗುವಾಗ 9ಕ್ಕೂ ಕೆಳಗೆ ಬೀಳಬಹುದು. ಆಲ್ಟರ್ನೇಟರ್ ಭರದಿಂದ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲಾಗಿ ಕಳಚಿದರೆ ಕ್ಷಣಮಾತ್ರಕ್ಕೆ ಹತ್ತಾರು ವೋಲ್ಟ್ ಮೇಲೆ ನೆಗೆಯುತ್ತದೆ. ಒಂದು ಫ್ಯೂಸು, ಅಧಿಕ ವೋಲ್ಟೇಜನ್ನು ನುಂಗುವ ಡಯೋಡು, ಒಳ್ಳೆಯ ಕನ್ವರ್ಟರ್ ಇಲ್ಲದೆ ಬೋರ್ಡನ್ನು ಕಾರಿಗೆ ಜೋಡಿಸಲೇಬಾರದು.

ಐಸು, ಕುದಿನೀರು, ಐದು ಲೀಟರ್

ಈಗ ತಾಳೆಯ ಮಾತು. ಥರ್ಮಿಸ್ಟರಿನ ಪ್ರತಿರೋಧ ಬಿಸಿಯ ಜೊತೆ ನೇರ ಗೆರೆಯಲ್ಲಿ ಇಳಿಯುವುದಿಲ್ಲ, ಬಳುಕಿ ಇಳಿಯುತ್ತದೆ. ಆ ಬಳುಕನ್ನು ಮೂರು ಸ್ಥಿರಾಂಕಗಳಲ್ಲಿ ಹಿಡಿದಿಡುವ ಸಮೀಕರಣವನ್ನು ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ ಎಂಬ ಇಬ್ಬರು ವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದರು. ಪ್ರಕಟವಾದದ್ದು ಕಾರಿನ ಪತ್ರಿಕೆಯಲ್ಲಲ್ಲ, 'ಡೀಪ್ ಸೀ ರಿಸರ್ಚ್' ಎಂಬ ಸಮುದ್ರ ವಿಜ್ಞಾನದ ಪತ್ರಿಕೆಯಲ್ಲಿ. ಮೂರು ಸ್ಥಿರಾಂಕ ಬೇಕಾದರೆ ಗೊತ್ತಿರುವ ಮೂರು ಬಿಸಿಗಳಲ್ಲಿ ಸೆನ್ಸರನ್ನು ಅದ್ದಿ ಓಮ್ ಅಳೆಯಬೇಕು.

ಮೊದಲನೆಯದು ಸೊನ್ನೆ ಡಿಗ್ರಿ. ಭಟ್ಕಳ, ಹೊನ್ನಾವರ, ತದಡಿಯಂಥ ಮೀನುಗಾರಿಕೆ ಬಂದರುಗಳ ಸುತ್ತ ದೋಣಿಗಳಿಗೆ ಐಸು ಬೇಕೇ ಬೇಕು. ಸಿಹಿನೀರಿನ ಐಸನ್ನು ಪುಡಿ ಮಾಡಿ, ಸಿಹಿನೀರೇ ಬೆರೆಸಿ ಕಲಕುತ್ತಿದ್ದರೆ ಐಸು ಕರಗಿ ಮುಗಿಯುವ ತನಕ ಅದು 0 ಡಿಗ್ರಿಯಲ್ಲೇ ನಿಲ್ಲುತ್ತದೆ. ಮೀನಿನ ಪೆಟ್ಟಿಗೆಯಲ್ಲಿ ಉಳಿದ ಐಸು ಮಾತ್ರ ಆಗದು. ಉಪ್ಪು ಸೇರಿದರೆ ಬಿಸಿ ಸೊನ್ನೆಗಿಂತ ಕೆಳಗೆ ಜಾರುತ್ತದೆ, ಉಪ್ಪು ಹೆಚ್ಚಾದರೆ ಮೈನಸ್ 21ರವರೆಗೂ ಇಳಿಯಬಲ್ಲದು.

ಎರಡನೆಯದು ಕುದಿನೀರು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಎಂಬ ಪಠ್ಯಪುಸ್ತಕದ ಮಾತು ಅಕ್ಷರಶಃ ನಿಜವಾಗುವುದು ಇಂಥ ಊರುಗಳಲ್ಲೇ. ಇದೇ ಪ್ರಯೋಗವನ್ನು 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಮಾಡಿ 100 ಎಂದು ಬರೆದುಕೊಂಡರೆ ಸೆನ್ಸರ್ ಶುರುವಿನಲ್ಲೇ ಮೂರು ಡಿಗ್ರಿ ತಪ್ಪುತ್ತದೆ. ಅಲ್ಲಿ ನೀರು ಕುದಿಯುವುದು 97ರ ಹತ್ತಿರ. ನಡುವಿನ ಮೂರನೆಯ ಬಿಂದುವಿಗೆ, ಅಂದರೆ 50 ಇಲ್ಲವೇ 60 ಡಿಗ್ರಿಗೆ, ಪ್ರಯೋಗಾಲಯದ ಒಳ್ಳೆಯ ಥರ್ಮಾಮೀಟರನ್ನೇ ಆಶ್ರಯಿಸಬೇಕು.

ಪೆಟ್ರೋಲಿಗೆ ಬೇರೆ ದಾರಿ. ಟ್ಯಾಂಕು ಚೌಕದ ಡಬ್ಬವಲ್ಲ, ಸೀಟಿನಡಿಯ, ಡಿಕ್ಕಿಯಡಿಯ ಜಾಗಕ್ಕೆ ತಕ್ಕಂತೆ ಮಡಚಿದ ಅಂಕುಡೊಂಕು ತಗಡು. ಫ್ಲೋಟ್ ಅರ್ಧಕ್ಕೆ ಬಂದಾಗ ಪೆಟ್ರೋಲು ಅರ್ಧ ಇದೆ ಎನ್ನಲಾಗದು. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ಐದು ಲೀಟರಿನ ಮಾಪನ ಇರುತ್ತದೆ, ಪಂಪಿನ ಅಳತೆಯ ಮೇಲೆ ಸಂಶಯ ಬಂದರೆ ಗ್ರಾಹಕರು ಅದರಲ್ಲಿ ಅಳೆಯಿಸಿ ನೋಡಬಹುದು. ಟ್ಯಾಂಕು ತಳಕ್ಕೆ ಬಂದಾಗ ಬಂಕಿನ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಐದೈದು ಲೀಟರ್ ಹಾಕಿಸುತ್ತ ಪ್ರತಿ ಸಲವೂ ಬೋರ್ಡಿನ ಅಂಕಿ ಬರೆದುಕೊಂಡರೆ ಮಾರುತಿ 800ರಂಥ 28 ಲೀಟರಿನ ಟ್ಯಾಂಕಿಗೆ ಆರೇಳು ಸಾಲಿನ ಒಂದು ಪಟ್ಟಿ ಸಿದ್ಧವಾಗುತ್ತದೆ. ಎರಡು ಸಾಲುಗಳ ನಡುವಿನ ಅಂಕಿ ಬಂದರೆ ಪ್ರೋಗ್ರಾಮು ನಡುವಿನ ಲೀಟರನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಬೋರ್ಡನ್ನು ಆಫ್ ಮಾಡಿಯೇ ಪೆಟ್ರೋಲು ಹಾಕಿಸಬೇಕು, ಪೈಪು ತೆಗೆದು ಮುಚ್ಚಳ ಹಾಕಿದ ಮೇಲಷ್ಟೇ ಅಂಕಿ ಓದಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ದೇವಿಮನೆ ಘಟ್ಟದ ಪರೀಕ್ಷೆ

ಹೀಗೆ ತಾಳೆಯಾದ ಅಂಕಿಗಳನ್ನು ಸೆಕೆಂಡಿಗೆ ಹತ್ತು ಸಾಲಿನಂತೆ ಲ್ಯಾಪ್‌ಟಾಪಿಗೆ ಕಳಿಸಿದರೆ ಗಂಟೆಗೆ 36,000 ಸಾಲು. ಪರದೆಯಲ್ಲಿ ಅಷ್ಟನ್ನೂ ತೋರಿಸಬಾರದು. ಸೆಕೆಂಡಿಗೆ ಹತ್ತು ಸಲ ಬದಲಾಗುವ ಅಂಕಿಯನ್ನು ಯಾವ ಕಣ್ಣೂ ಓದಲಾರದು. ಹತ್ತು ಸಲ ಅಳೆದು ಎರಡು ಸಲ ತೋರಿಸಿದರೆ ಸಾಕು. ಹಲವರು ಕೊನೆಗೆ ಪರದೆಯ ಮೇಲೂ ದುಂಡನೆಯ ಮೀಟರು, ಮುಳ್ಳನ್ನೇ ಬಿಡಿಸಿಕೊಳ್ಳುತ್ತಾರೆ. ಓಡುವ ಕಾರಿನಲ್ಲಿ ಓರೆನೋಟಕ್ಕೆ ಸಿಗುವುದು ಮುಳ್ಳಿನ ಕೋನವೇ. ಅಂಕಿ ಉಳಿಯುವುದು ಮನೆಗೆ ಬಂದ ಮೇಲೆ ಗ್ರಾಫ್ ನೋಡುವುದಕ್ಕೆ.

ಗ್ರಾಫಿಗೆ ಜೀವ ಬರುವುದು ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಜನ ಸೇರಿ 900 ಕಿಲೋ ತೂಗುವ ಕಾರನ್ನು 500 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ 4.4 ಮೆಗಾಜೂಲ್. ಎಂಜಿನ್ನಿನ ದಕ್ಷತೆ ಕಾಲು ಭಾಗ ಎಂದಿಟ್ಟರೆ ಬರೀ ಎತ್ತರ ಏರಲು ಅರ್ಧ ಲೀಟರಿಗೂ ತುಸು ಹೆಚ್ಚು ಪೆಟ್ರೋಲು ಸುಡಬೇಕು, ಅದರ ಮುಕ್ಕಾಲು ಪಾಲು ಶಾಖವಾಗಿ ಸೈಲೆನ್ಸರಿನಲ್ಲೂ ರೇಡಿಯೇಟರಿನಲ್ಲೂ ಹೊರಹೋಗಬೇಕು. ಎರಡನೇ ಗೇರಿನ ನಿಧಾನ ಓಟದಲ್ಲಿ ರೇಡಿಯೇಟರಿಗೆ ಗಾಳಿ ಕಡಿಮೆ, ಸುತ್ತು ಹೆಚ್ಚು. ಸಮತಟ್ಟು ಹೆದ್ದಾರಿಯಲ್ಲಿ ಥರ್ಮೊಸ್ಟಾಟ್ ತೆರೆಯುವ 82 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತಿದ್ದ ಗೆರೆ ಘಟ್ಟದ ತಿರುವುಗಳಲ್ಲಿ ಏರುತ್ತದೆ, ಫ್ಯಾನು ತಿರುಗಿದಾಗ ಇಳಿಯುತ್ತದೆ, ಮತ್ತೆ ಏರುತ್ತದೆ. ಅದೇ ಹೊತ್ತಿಗೆ ಪೆಟ್ರೋಲಿನ ಗೆರೆ ಸುಳ್ಳು ಹೇಳತೊಡಗುತ್ತದೆ. ಕಾರು ಮೂಗೆತ್ತಿದಾಗ ಪೆಟ್ರೋಲು ಟ್ಯಾಂಕಿನ ಹಿಂಬದಿಗೆ ಸರಿದು ಫ್ಲೋಟಿನ ಲೆಕ್ಕ ತಪ್ಪಿಸುತ್ತದೆ.

ಮಾಮೂಲಿ ಬಿಸಿ ಮುಳ್ಳಿನಲ್ಲಿ ಈ ಏರಿಳಿತದ ಬಹುಪಾಲು ಕಾಣುವುದೇ ಇಲ್ಲ. ಹಲವು ಹೊಸ ಕಾರುಗಳ ಮುಳ್ಳನ್ನಂತೂ ಸುಮಾರು 75ರಿಂದ 105 ಡಿಗ್ರಿಯವರೆಗೆ ನಡುಮಧ್ಯೆಯೇ ನಿಲ್ಲುವಂತೆ ಬೇಕೆಂದೇ ಮಾಡಿರುತ್ತಾರೆ, ಸಣ್ಣಪುಟ್ಟ ಏರಿಳಿತ ಕಂಡು ಜನ ಗಾಬರಿಯಾಗಿ ಸರ್ವಿಸ್ ಸ್ಟೇಷನ್ನಿಗೆ ಬಾರದಿರಲೆಂದು. ಹಳೆ ಕಾರಿನ ಪರದೆ ಇಲ್ಲಿ ಹೊಸ ಕಾರಿನ ಮುಳ್ಳಿಗಿಂತ ಹೆಚ್ಚು ಹೇಳುತ್ತದೆ. ಅದಕ್ಕೊಂದು ಬಜರ್ ಜೋಡಿಸಿ ಎಷ್ಟು ಡಿಗ್ರಿಗೆ ಕೂಗಬೇಕೆಂದು ಹೇಳಿಕೊಡುವುದೂ ಸುಲಭ. 0.9 ಬಾರ್ ಒತ್ತಡ ತಡೆಯುವ ಮುಚ್ಚಳ ಗಟ್ಟಿಯಾಗಿದ್ದರೆ ರೇಡಿಯೇಟರಿನ ನೀರು ಕುದಿಯುವುದು 118 ಡಿಗ್ರಿಯ ಹತ್ತಿರ. 105ಕ್ಕೆ ಕೂಗಿಸಿದರೆ ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸುವಷ್ಟು ಸಮಯ ಸಿಗುತ್ತದೆ.

ಆದರೆ ಹೋಸು ಒಡೆದು ನೀರು ಸೋರಿಹೋದಾಗ ಸೆನ್ಸರ್ ನೀರಿನಿಂದ ಹೊರಬಂದು ಬರೀ ಆವಿಯಲ್ಲಿ ನಿಲ್ಲುತ್ತದೆ. ಆವಿ ನೀರಿನಷ್ಟು ಶಾಖ ಮುಟ್ಟಿಸುವುದಿಲ್ಲ. ಒಳಗೆ ಸಿಲಿಂಡರ್ ಹೆಡ್ ಕಾದು ಕೆಂಡವಾಗುತ್ತಿರುವಾಗಲೇ ಪರದೆಯ ಅಂಕಿ 95, 88, 80 ಎಂದು ಇಳಿಯಬಹುದು, ಬಜರ್ ಸುಮ್ಮನೇ ಇರುತ್ತದೆ. ಆದ್ದರಿಂದ ಮಿತಿ ಮೀರಿದ ಬಿಸಿಯ ಜೊತೆಗೆ, ಏರು ಹತ್ತುವಾಗ ಸುತ್ತು ಇಳಿಯದೆ ಬಿಸಿ ಮಾತ್ರ ತಟಕ್ಕನೆ ಇಳಿದರೆ ಅದನ್ನೂ ಅಪಾಯವೆಂದೇ ಓದುವಂತೆ ಪ್ರೋಗ್ರಾಮಿನಲ್ಲಿ ಇನ್ನೆರಡು ಸಾಲು ಸೇರಿಸಬೇಕಾಗುತ್ತದೆ.